ಹಸುವಿನ ರಕ್ತ ಸಾಲದು, ಮಿದುಳೇ ಬೇಕು ಅಂತಾರಲ್ಲ, ಯಾಕೆ?



ಪ್ರತಿ ವಾರ ಮಣ್ಣು, ಗೊಬ್ಬರ, ತೋಟ ಅಂತ ಬರೆಯುತ್ತಿದ್ದ ನಾನು ಈ ವಾರ ಕೊಟ್ಟಿಗೆಗೆ ಬಂದಿದ್ದೇನೆ. ಸಾವಯವ ಕೃಷಿ ಅಂದ ಮೇಲೆ ಸಗಣಿ, ಗಂಜಲ ಬೇಕು. ಅದು ಬೇಕು ಅಂದ್ರೆ ಹಸು ಬೇಕು. ಹಸು ಕಟ್ಟಿದ ಮೇಲೆ ಅದರ ಕಾಯಿಲೆ ಕಸಾಲೆಯೂ ನಮ್ಮದೇ. ನಾನು ಓದಿದ್ದು ತೋಟಗಾರಿಕೆ, ಪಶುವೈದ್ಯ ಅಲ್ಲ. ಆದರೆ ನಮ್ಮ ಮನೆಯಲ್ಲೇ ನಡೆದ ಒಂದು ಘಟನೆಯಿಂದ ಕಲಿತ ಪಾಠ ಇದು. ನಿಮಗೂ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮಾವಿನ ವಾಟೆ ಅಂದುಕೊಂಡಿದ್ದು

ಎರಡು ವರ್ಷದ ಹಿಂದಿನ ಮಾತು. ಮಾವಿನ ಕೊಯ್ಲು ಮುಗಿಯುವ ಹೊತ್ತು. ನಮ್ಮ ಮಿಶ್ರತಳಿ ಹಸು ಗೌರಿ ಎರಡನೇ ಸೂಲಿನದು. ಒಂದು ದಿನ ಬೆಳಗ್ಗೆ ಮೇವು ಬಿಟ್ಟಿತು. ಬಾಯಿಂದ ಜೊಲ್ಲು ಎಳೆ ಎಳೆಯಾಗಿ ಇಳಿಯುತ್ತಿತ್ತು. ನೀರಿಗೆ ಮೂತಿ ಇಡುತ್ತೆ, ಆದರೆ ನುಂಗೋಕೆ ಆಗೋದಿಲ್ಲ. ಗಂಟಲು ಕಟ್ಟಿದ ಹಾಗೆ ಒಡಕು ದನಿಯಲ್ಲಿ ಕೂಗುತ್ತಿತ್ತು.

ಬಿದ್ದ ಮಾವಿನ ಹಣ್ಣನ್ನು ಹಸು ತಿಂದು ವಾಟೆ ಗಂಟಲಲ್ಲಿ ಸಿಕ್ಕಿಸಿಕೊಳ್ಳೋದು ನಮ್ಮ ಕಡೆ ಹೊಸದಲ್ಲ. "ವಾಟೆ ಸಿಕ್ಕಿರಬೇಕು ನೋಡಪ್ಪ" ಅಂದ್ರು ಅಮ್ಮ. ನಾನು ತೋಳಿನ ತನಕ ಕೈ ಹಾಕಿ ತಡಕಿದೆ. ಏನೂ ಸಿಗಲಿಲ್ಲ. ಪಕ್ಕದ ತೋಟದ ಅಣ್ಣನೂ ಬಂದು ಕೈ ಹಾಕಿ ನೋಡಿದ್ರು. ಹಿಂದಿನ ದಿನ ತಾನೇ ಕಳೆ ಕೀಳುವಾಗ ನನ್ನ ಕೈ ತರಚಿ ಹೋಗಿತ್ತು. ಅದು ನೆನಪೇ ಆಗಲಿಲ್ಲ.

ಪಶುವೈದ್ಯರು ಬಂದವರು ದೂರದಿಂದಲೇ ನೋಡಿ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಬಾಯಿಗೆ ಯಾರ್ ಯಾರು ಕೈ ಹಾಕಿದ್ದೀರಿ?" ಎರಡನೇ ಪ್ರಶ್ನೆ: "ಇತ್ತೀಚೆಗೆ ನಾಯಿ ಏನಾದ್ರೂ ಕಚ್ಚಿತ್ತಾ?" ಆಗ ನೆನಪಾಯಿತು. ಒಂದೂವರೆ ತಿಂಗಳ ಹಿಂದೆ ಗೌರಿಯ ಹಿಂಗಾಲಿನ ಮೇಲೆ ಗಾಯ ಇತ್ತು. ತಂತಿಬೇಲಿ ತಾಗಿರಬೇಕು ಅಂತ ಅರಿಶಿನ ಹಚ್ಚಿ ಸುಮ್ಮನಾಗಿದ್ದೆವು.

ಮಾರನೇ ದಿನ ಹಿಂಗಾಲು ಸೋತು ಗೌರಿ ಮಲಗಿಬಿಟ್ಟಿತು. ಮೂರನೇ ದಿನ ಸತ್ತಿತು. "ರೇಬೀಸ್ ಅನ್ನೋ ಅನುಮಾನ ಬಲವಾಗಿದೆ, ಮಿದುಳಿನ ಮಾದರಿ ಕಳಿಸಬೇಕು" ಅಂದ್ರು ಡಾಕ್ಟ್ರು. ನಮ್ಮ ಅಮ್ಮನಿಗೆ ಅದು ತುಂಬ ಕಷ್ಟವಾಯಿತು. "ಸಾಕಿದ ಹಸು ತಲೆ ಕಡೀಬೇಕಾ? ಸತ್ತ ತಕ್ಷಣ ಒಂದಿಷ್ಟು ರಕ್ತ ತಗೊಂಡು ಹೋಗಬಾರದಾ?" ಅಂತ ಕೇಳಿದ್ರು.

ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ತಿಳಿದುಕೊಳ್ಳೋಕೆ ನಾನು ಮತ್ತೆ ಪುಸ್ತಕ ಹಿಡಿಯಬೇಕಾಯಿತು.

ಮೊದಲು ನಮ್ಮ ತೋಟದ ಉದಾಹರಣೆ

ಬಾಳೆಗೆ ಪೋಷಕಾಂಶ ಸಾಕೋ ಬೇಕೋ ಅಂತ ಪರೀಕ್ಷೆಗೆ ಕಳಿಸುವಾಗ ಯಾವುದೋ ಎಲೆ ಹರಿದು ಕೊಡೋದಿಲ್ಲ. ತುದಿಯಿಂದ ಎಣಿಸಿ ಪೂರ್ತಿ ಬಿಚ್ಚಿದ ಮೂರನೇ ಎಲೆಯನ್ನೇ ತೆಗೆದುಕೊಳ್ಳುತ್ತೇವೆ. ಯಾಕೆ? ಸಾರಜನಕ ಗಿಡದೊಳಗೆ ಓಡಾಡುತ್ತೆ. ಕಡಿಮೆ ಬಿದ್ದಾಗ ಹಳೇ ಎಲೆಯಿಂದ ಹೊಸ ಎಲೆಗೆ ಹೋಗುತ್ತೆ, ಹಾಗಾಗಿ ಹಳೇ ಎಲೆ ಮೊದಲು ಹಳದಿಯಾಗುತ್ತೆ. ಕ್ಯಾಲ್ಸಿಯಂ ಹಾಗಲ್ಲ, ಒಮ್ಮೆ ಕೂತ ಜಾಗದಿಂದ ಏಳೋದೇ ಇಲ್ಲ. ಅದಕ್ಕೇ ಟೊಮೆಟೊದಲ್ಲಿ ಎಲೆ ಚೆನ್ನಾಗಿದ್ದರೂ ಕಾಯಿಯ ತಳ ಕಪ್ಪಾಗಿ ಕೊಳೆಯುತ್ತೆ. ಕಿತ್ತಳೆ, ನಿಂಬೆಯ ಗ್ರೀನಿಂಗ್ ರೋಗದ ಬ್ಯಾಕ್ಟೀರಿಯಾ ಆಹಾರ ಸಾಗಿಸುವ ನಾಳದಲ್ಲಿ ಮಾತ್ರ ಇರುತ್ತೆ, ಅದನ್ನು ಎಲೆಯ ನಡುನರದಲ್ಲೇ ಹುಡುಕಬೇಕು.

ಅಂದ್ರೆ "ಇದೆಯಾ, ಇಲ್ವಾ" ಅನ್ನೋ ಪ್ರಶ್ನೆಗಿಂತ ಮೊದಲು ಕೇಳಬೇಕಾದ್ದು "ಇದ್ದರೆ ಎಲ್ಲಿರುತ್ತೆ" ಅಂತ. ತಪ್ಪು ಜಾಗದಲ್ಲಿ ಹುಡುಕಿ "ಇಲ್ಲ" ಅಂದ್ರೆ ಅದು ಉತ್ತರವೇ ಅಲ್ಲ. ಗಿಡಕ್ಕೆ ಹೇಗೋ ಪ್ರಾಣಿಗೂ ಹಾಗೇ. ಯಾವ ಅಣು ದೇಹದ ಯಾವ ಅಂಗಾಂಶದಲ್ಲಿ, ಯಾವ ಜೀವಕೋಶದಲ್ಲಿ, ಆ ಕೋಶದೊಳಗೂ ಯಾವ ಮೂಲೆಯಲ್ಲಿ ಇದೆ ಅಂತ ಹುಡುಕೋದೇ ವಿಜ್ಞಾನದ ಒಂದು ದೊಡ್ಡ ಕೆಲಸ.

ರೇಬೀಸ್ ವೈರಸ್ ಹಿಡಿಯುವ ದಾರಿ

ಬಹಳಷ್ಟು ರೋಗಾಣುಗಳು ರಕ್ತದಲ್ಲಿ ಸುತ್ತಾಡುತ್ತವೆ. ರೇಬೀಸ್ ವೈರಸ್ ಹಾಗಲ್ಲ. ನಾಯಿ ಕಚ್ಚಿದಾಗ ಜೊಲ್ಲಿನ ಜೊತೆ ಮಾಂಸಖಂಡಕ್ಕೆ ಇಳಿಯುತ್ತೆ. ಅಲ್ಲಿ ನರದ ತುದಿ ಮಾಂಸಖಂಡವನ್ನು ಸೇರುವ ಜಾಗದಿಂದ ನರದೊಳಕ್ಕೆ ನುಗ್ಗುತ್ತೆ. ಆಮೇಲೆ ನರದೆಳೆಯ ಒಳಗೇ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ. ಗೌರಿಗೆ ಕಚ್ಚಿದ್ದು ಹಿಂಗಾಲಿಗೆ. ಅಲ್ಲಿಂದ ಮಿದುಳಿನ ತನಕ ದೂರದ ದಾರಿ. ಕಚ್ಚಿದ ವಾರಗಳು, ಕೆಲವೊಮ್ಮೆ ತಿಂಗಳುಗಳ ಮೇಲೆ ರೋಗ ಕಾಣಿಸೋಕೆ ಇದೂ ಒಂದು ಕಾರಣ.

ಮಿದುಳಲ್ಲಿ ಚೆನ್ನಾಗಿ ಹೆಚ್ಚಿಕೊಂಡ ಮೇಲೆ ಮತ್ತೆ ನರಗಳ ದಾರಿಯಲ್ಲೇ ಹೊರಕ್ಕೆ ಇಳಿಯುತ್ತೆ. ಮುಖ್ಯವಾಗಿ ಜೊಲ್ಲು ಗ್ರಂಥಿಗೆ ಬಂದು ಸೇರುತ್ತೆ. ಅದೇ ಹೊತ್ತಿಗೆ ನುಂಗುವ ನರಗಳು ಕೆಟ್ಟಿರುತ್ತವೆ, ಹಾಗಾಗಿ ಜೊಲ್ಲು ಒಳಗೆ ಹೋಗದೆ ಹೊರಗೆ ಸುರಿಯುತ್ತೆ. ವಾಟೆ ಸಿಕ್ಕಿದೆ ಅಂತ ನಾವು ಕೈ ಹಾಕೋದು ಸರಿಯಾಗಿ ಆಗಲೇ!

ಈ ಇಡೀ ಪಯಣದಲ್ಲಿ ರಕ್ತದ ಪಾಲು ಇಲ್ಲವೆನ್ನುವಷ್ಟು ಕಡಿಮೆ. ರಕ್ತದಲ್ಲಿ ರೇಬೀಸ್ ವಿರುದ್ಧ ಹುಟ್ಟುವ ಪ್ರತಿಕಾಯ ಹುಡುಕೋಣ ಅಂದ್ರೆ ಅದೂ ತೀರ ತಡವಾಗಿ ಬರುತ್ತೆ, ಎಷ್ಟೋ ಸಲ ಬರೋದೇ ಇಲ್ಲ. ಅಮ್ಮನ ಪ್ರಶ್ನೆಗೆ ಉತ್ತರ ಇಷ್ಟೇ: ಕಳ್ಳ ರಸ್ತೆಯಲ್ಲಿ ಓಡಾಡೋದೇ ಇಲ್ಲ, ರಸ್ತೆಯಲ್ಲಿ ನಿಂತು ಕಾದರೆ ಸಿಗೋದಿಲ್ಲ.

ಮಿದುಳಲ್ಲೂ ಎಲ್ಲೆಂದರಲ್ಲಿ ತೆಗೆದರೆ ಆಗೋದಿಲ್ಲ. ಬೆನ್ನುಹುರಿ ಮಿದುಳಿಗೆ ಸೇರುವ ಬುಡದ ಭಾಗ, ಅಂದ್ರೆ ಮಿದುಳ ಕಾಂಡ, ಮತ್ತು ಅದರ ಹಿಂದಿರುವ ಕಿರುಮಿದುಳು ಬೇಕು. ಹಸುವಿನಂಥ ದೊಡ್ಡ ಪ್ರಾಣಿಯಲ್ಲಿ ವೈರಸ್ ಒಂದೇ ಪಕ್ಕದಲ್ಲಿ ಇದ್ದು ಇನ್ನೊಂದು ಪಕ್ಕ ಖಾಲಿ ಇರಬಹುದು. ಅದಕ್ಕೇ ಕಾಂಡದ ಅಡ್ಡ ತುಂಡು ಪೂರ್ತಿ, ಎರಡೂ ಪಕ್ಕ ಸೇರಿಸಿ ನೋಡುತ್ತಾರೆ. ಯಾವಾಗಲೂ ತಲೆ ಒಡೆಯಬೇಕು ಅಂತಲೂ ಇಲ್ಲ. ತರಬೇತಿ ಇರುವ ಪಶುವೈದ್ಯರು ಕತ್ತಿನ ಹಿಂದೆ, ಬೆನ್ನುಹುರಿ ತಲೆಬುರುಡೆಗೆ ಹೋಗುವ ರಂಧ್ರದಿಂದಲೇ ಮಾದರಿ ತೆಗೆಯುವ ವಿಧಾನವೂ ಇದೆ. ಗೌರಿಗೆ ಹಾಗೇ ಮಾಡಿದ್ರು. ಅಮ್ಮನಿಗೆ ಅಷ್ಟರ ಮಟ್ಟಿಗೆ ಸಮಾಧಾನವಾಯಿತು.

ಲ್ಯಾಬಿನಲ್ಲಿ ಕಾಣಿಸೋದು ಹೇಗೆ?

ಅಣು ಕಣ್ಣಿಗೆ ಕಾಣೋದಿಲ್ಲ, ಮಾಮೂಲಿ ಸೂಕ್ಷ್ಮದರ್ಶಕಕ್ಕೆ ವೈರಸ್ ಕೂಡ ಕಾಣೋದಿಲ್ಲ. ಹಾಗಾದ್ರೆ ಇಂಥ ಕೋಶದಲ್ಲಿ ಇದೆ ಅಂತ ಹೇಳೋದು ಹೇಗೆ?

ಉಪಾಯ ಇರೋದು ಪ್ರತಿಕಾಯದಲ್ಲಿ. ಪ್ರತಿಕಾಯ ಅನ್ನೋದು ಒಂದು ಪ್ರೋಟೀನ್. ಒಂದು ಬೀಗಕ್ಕೆ ಒಂದು ಕೀಲಿ ಅನ್ನೋ ಹಾಗೆ, ಅದು ತನಗೆ ಹೊಂದುವ ಅಣುವಿಗೆ ಮಾತ್ರ ಅಂಟುತ್ತೆ. ರೇಬೀಸ್ ವೈರಸ್ಸಿನ ಪ್ರೋಟೀನ್‌ಗೆ ಅಂಟುವ ಪ್ರತಿಕಾಯ ತಯಾರಿಸಿ, ಅದಕ್ಕೆ ಹೊಳೆಯುವ ಬಣ್ಣವೊಂದನ್ನು ಕಟ್ಟಿದರೆ? ಪ್ರತಿಕಾಯ ಹೋಗಿ ಕೂತ ಕಡೆಯೆಲ್ಲ ದೀಪ ಹಚ್ಚಿದ ಹಾಗೆ.

ಕ್ರಮ ಹೀಗಿದೆ:

1. ಮಿದುಳಿನ ತುಂಡನ್ನು ಗಾಜಿನ ಪಟ್ಟಿಯ ಮೇಲೆ ಒತ್ತಿ ಅಚ್ಚು ತೆಗೆಯುತ್ತಾರೆ.
2. ಅದನ್ನು ತಣ್ಣನೆಯ ಅಸಿಟೋನ್‌ನಲ್ಲಿ ಅದ್ದಿ ಕೋಶಗಳು ಅಲ್ಲಾಡದ ಹಾಗೆ ಕೂರಿಸುತ್ತಾರೆ.
3. ಹೊಳೆಯುವ ಪ್ರತಿಕಾಯದ ದ್ರಾವಣ ಹಾಕಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಅರ್ಧ ಗಂಟೆ ಇಡುತ್ತಾರೆ.
4. ಚೆನ್ನಾಗಿ ತೊಳೆಯುತ್ತಾರೆ. ಅಂಟಿದ್ದು ಉಳಿಯುತ್ತೆ, ಅಂಟದ್ದು ಹೋಗುತ್ತೆ. ತೊಳೆದದ್ದು ಸರಿ ಇಲ್ಲ ಅಂದ್ರೆ ಫಲಿತಾಂಶವೇ ಸುಳ್ಳು.
5. ವಿಶೇಷ ಸೂಕ್ಷ್ಮದರ್ಶಕದಲ್ಲಿ ನೀಲಿ ಬೆಳಕು ಬಿಟ್ಟು ನೋಡುತ್ತಾರೆ. ವೈರಸ್ ಪ್ರೋಟೀನ್ ಇರುವ ಜಾಗ ಹಸಿರು ಸೇಬಿನ ಬಣ್ಣದ ಚುಕ್ಕೆಗಳಾಗಿ ಹೊಳೆಯುತ್ತೆ.

ಪ್ರತಿ ಸಲವೂ ಪಕ್ಕದಲ್ಲಿ ರೋಗ ಇರೋದು ಖಚಿತವಾದ ಒಂದು ಪಟ್ಟಿ, ರೋಗ ಇಲ್ಲದ ಒಂದು ಪಟ್ಟಿ ಇಟ್ಟು ಹೋಲಿಸುತ್ತಾರೆ. ನಾವು ತೋಟದಲ್ಲಿ ಒಂದು ಸಾಲಿಗೆ ಗೊಬ್ಬರ ಹಾಕದೆ ಬಿಟ್ಟು ನೋಡ್ತೀವಲ್ಲ, ಹಾಗೆ.

ಫ್ಲೋರೆಸೆಂಟ್ ಬೆಳಕಿನ ದುಬಾರಿ ಸೂಕ್ಷ್ಮದರ್ಶಕ ಇಲ್ಲದ ಕಡೆಗೆ ಇನ್ನೊಂದು ವಿಧಾನ ಬಂದಿದೆ. ಅದರಲ್ಲಿ ಪ್ರತಿಕಾಯ ಕೂತ ಜಾಗದಲ್ಲಿ ಕೆಂಪು ಬಣ್ಣ ಹುಟ್ಟುತ್ತೆ. ಮಾಮೂಲಿ ಸೂಕ್ಷ್ಮದರ್ಶಕದಲ್ಲೇ, ಸುಮಾರು ಒಂದು ಗಂಟೆಯಲ್ಲಿ ನೋಡಬಹುದು.

ಈ ವಿದ್ಯೆ ಬಂದದ್ದು ಹೀಗೆ

1903ರಲ್ಲಿ ಇಟಲಿಯ ಪಾವಿಯಾದಲ್ಲಿ ಅಡೆಲ್ಕಿ ನೆಗ್ರಿ ಎಂಬ ವೈದ್ಯರು ರೇಬೀಸ್‌ನಿಂದ ಸತ್ತ ಪ್ರಾಣಿಗಳ ಮಿದುಳಿನ ನರಕೋಶಗಳೊಳಗೆ ವಿಚಿತ್ರವಾದ ಕಣಗಳನ್ನು ಕಂಡರು. ಇವೇ ರೋಗ ತರುವ ಪರಾವಲಂಬಿ ಜೀವಿ ಅಂದುಕೊಂಡರು. ಊಹೆ ತಪ್ಪಾಗಿತ್ತು, ಆದರೆ ಜಾಗ ಸರಿಯಾಗಿತ್ತು. ಆ ಕಣಗಳಿಗೆ ಇವತ್ತಿಗೂ ನೆಗ್ರಿ ಕಣ ಅಂತಲೇ ಹೆಸರು. ಬಹಳ ವರ್ಷ ಅವನ್ನು ನೋಡಿಯೇ ರೇಬೀಸ್ ಹೌದು ಅನ್ನುತ್ತಿದ್ದರು. ತೊಂದರೆ ಏನಂದ್ರೆ, ರೋಗ ಇದ್ದರೂ ಎಲ್ಲ ಪ್ರಾಣಿಯಲ್ಲಿ ಆ ಕಣ ಸಿಗೋದಿಲ್ಲ.

1941-42ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಆಲ್ಬರ್ಟ್ ಕೂನ್ಸ್ ಎಂಬ ವೈದ್ಯರು ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಕಟ್ಟುವ ಉಪಾಯ ಮಾಡಿ ತೋರಿಸಿದರು. ನ್ಯುಮೋನಿಯಾ ಬ್ಯಾಕ್ಟೀರಿಯಾದ ಅಂಶ ಇಲಿಯ ಅಂಗಾಂಶದಲ್ಲಿ ಎಲ್ಲಿ ಕೂತಿದೆ ಅಂತ ಮೊದಲ ಬಾರಿಗೆ ಹೊಳೆಯಿಸಿ ಕಂಡರು. 1958ರಲ್ಲಿ ಗೋಲ್ಡ್‌ವಾಸರ್ ಮತ್ತು ಕಿಸ್ಲಿಂಗ್ ಅದೇ ಉಪಾಯವನ್ನು ರೇಬೀಸ್‌ಗೆ ಬಳಸಿದರು. ಇವತ್ತು ಜಗತ್ತಿನಾದ್ಯಂತ ಪ್ರಾಣಿಗಳ ರೇಬೀಸ್ ಪತ್ತೆಗೆ ಇದೇ ವಿಧಾನ ಆಧಾರ. ನಮ್ಮ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿರುವ ರೇಬೀಸ್ ಪ್ರಯೋಗಾಲಯ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದ ಉಲ್ಲೇಖ ಪ್ರಯೋಗಾಲಯ. ಮನುಷ್ಯರ ವಿಷಯಕ್ಕೆ ನಿಮ್ಹಾನ್ಸ್ ಇದೆ.

ಇನ್ನೂ ಒಂದು ಸ್ವಾರಸ್ಯ. ನೆಗ್ರಿ ಕಣ ಏನು ಅನ್ನೋದಕ್ಕೆ ನೂರು ವರ್ಷದ ಮೇಲೆ ಉತ್ತರ ಸಿಕ್ಕಿತು. ವೈರಸ್ಸಿನ ಆರ್‌ಎನ್‌ಎಗೆ ಮಾತ್ರ ಅಂಟುವ ಎಳೆಗಳಿಗೆ ಬಣ್ಣ ಕಟ್ಟಿ ನೋಡಿದಾಗ, 2009ರಲ್ಲಿ ಗೊತ್ತಾಗಿದ್ದು ಇದು: ನೆಗ್ರಿ ಕಣ ವೈರಸ್ ತನ್ನ ಆರ್‌ಎನ್‌ಎ ತಯಾರಿಸುವ ಕಾರ್ಖಾನೆ. ಇಲ್ಲೂ ಅಷ್ಟೇ, ಯಾವ ಅಣು ಎಲ್ಲಿದೆ ಅಂತ ಗೊತ್ತಾದ ಮೇಲೆ ಅಲ್ಲಿ ಏನು ಕೆಲಸ ನಡೀತಿದೆ ಅನ್ನೋದೂ ಗೊತ್ತಾಯಿತು.

ಮನುಷ್ಯರ ಚಿಕಿತ್ಸೆಯಲ್ಲೂ ಜಾಗವೇ ಮುಖ್ಯ

ನನಗೂ ಪಕ್ಕದ ತೋಟದ ಅಣ್ಣನಿಗೂ ಆಸ್ಪತ್ರೆಯಲ್ಲಿ ಲಸಿಕೆ ಅದೇ ದಿನ ಶುರುವಾಯಿತು, ಲ್ಯಾಬ್ ವರದಿಗೆ ಕಾಯಲಿಲ್ಲ. ನನ್ನ ಕೈಯ ತರಚು ಗಾಯದ ಸುತ್ತಲೇ ಇನ್ನೊಂದು ಇಂಜೆಕ್ಷನ್ ಕೊಟ್ಟರು. ಅದು ಸಿದ್ಧ ಪ್ರತಿಕಾಯ, ಇಮ್ಯುನೋಗ್ಲಾಬ್ಯುಲಿನ್. "ತೋಳಿಗೋ ಸೊಂಟಕ್ಕೋ ಕೊಡಬಾರದಾ?" ಅಂತ ಕೇಳಿದೆ. "ವೈರಸ್ ಇರೋದು ಗಾಯದಲ್ಲಿ, ಔಷಧಿಯೂ ಅಲ್ಲೇ ಇರಬೇಕು" ಅಂದ್ರು. ಲಸಿಕೆಯಿಂದ ದೇಹ ತಾನೇ ಪ್ರತಿಕಾಯ ಮಾಡಿಕೊಳ್ಳೋಕೆ ವಾರದ ಮೇಲೆ ಬೇಕು. ಅಲ್ಲಿಯ ತನಕ ಗಾಯದಲ್ಲೇ ಕಾವಲು ಬೇಕು. ನರದೊಳಕ್ಕೆ ಹೊಕ್ಕ ಮೇಲೆ ವೈರಸ್ ಪ್ರತಿಕಾಯದ ಕೈಗೆ ಸಿಗೋದು ಕಷ್ಟ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ಗೆ ಮದ್ದಿಲ್ಲ ಅಂತ ಹೇಳೋದು ಇದಕ್ಕೇ.

ಆರನೇ ದಿನ ಗೌರಿಯ ವರದಿ ಬಂತು: ರೇಬೀಸ್ ಹೌದು. ಆ ಹಾಳೆ ನೋಡಿ ಅಮ್ಮ ಮಾತಾಡಲಿಲ್ಲ. ಆದರೆ ಆ ಒಂದು ಹಾಳೆಯಿಂದ, ಎರಡು ಇಂಜೆಕ್ಷನ್ ಆದ ಮೇಲೆ "ಸಾಕು ಬಿಡಿ" ಅಂತಿದ್ದ ಅಣ್ಣ ಉಳಿದವನ್ನೂ ತಪ್ಪದೆ ತಗೊಂಡ್ರು. ಊರಲ್ಲಿ ಅದೇ ನಾಯಿ ಓಡಾಡಿದ್ದ ಬೀದಿಯ ದನಗಳಿಗೂ ಲಸಿಕೆ ಹಾಕಿಸಿದೆವು.

ಯಾವ ರೋಗಕ್ಕೆ ಎಲ್ಲಿಂದ ಮಾದರಿ?

ಮಾದರಿ ತೆಗೆಯೋದು ಪಶುವೈದ್ಯರ ಕೆಲಸ. ಆದರೆ ಯಾಕೆ ಹಾಗೆ ತೆಗೀತಾರೆ ಅನ್ನೋದು ನಮಗೆ ಗೊತ್ತಿರಲಿ.

- ರೇಬೀಸ್: ಮಿದುಳ ಕಾಂಡ ಮತ್ತು ಕಿರುಮಿದುಳು. ಐಸ್‌ನಲ್ಲಿಟ್ಟು ಬೇಗ ಕಳಿಸಬೇಕು. ಕೊಳೆತ ಮಿದುಳಿನಲ್ಲಿ ಹೊಳೆಯುವ ಪರೀಕ್ಷೆಯನ್ನು ನಂಬೋಕಾಗೋದಿಲ್ಲ.
- ಕಾಲುಬಾಯಿ ರೋಗ: ನಾಲಿಗೆ, ಗೊರಸಿನ ಬಳಿ ಎದ್ದ ಗುಳ್ಳೆಯ ಸಿಪ್ಪೆ ಮತ್ತು ನೀರು.
- ಚರ್ಮಗಂಟು ರೋಗ: ಗಂಟಿನ ಚರ್ಮ ಅಥವಾ ಹಕ್ಕಳೆ.
- ಉಣ್ಣೆಯಿಂದ ಬರುವ ಥೈಲೇರಿಯಾ: ಊದಿದ ಹಾಲ್ರಸ ಗ್ರಂಥಿಯಿಂದ ಸೂಜಿಯಲ್ಲಿ ತೆಗೆದ ಕೋಶ, ಜೊತೆಗೆ ರಕ್ತದ ಲೇಪ.
- ಕಂದು ಹಾಕುವ ರೋಗ (ಬ್ರುಸೆಲ್ಲಾ): ಮಾಸು ಮತ್ತು ಕಂದು, ಜೊತೆಗೆ ತಾಯಿಯ ರಕ್ತ. ಗಬ್ಬದ ಹಸುವಿನ ಗರ್ಭಕೋಶದಲ್ಲಿ ಎರಿತ್ರಿಟಾಲ್ ಅನ್ನೋ ಸಕ್ಕರೆಯಂಥ ವಸ್ತು ಹೆಚ್ಚಿರುತ್ತೆ, ಬ್ಯಾಕ್ಟೀರಿಯಾಕ್ಕೆ ಅದು ಇಷ್ಟ. ಬರಿಗೈಯಲ್ಲಿ ಮಾಸು ಮುಟ್ಟಲೇಬೇಡಿ.
- ನೆರಡಿ ರೋಗ (ಆಂಥ್ರಾಕ್ಸ್): ಇಲ್ಲಿ ಮಾತ್ರ ರಕ್ತವೇ ಬೇಕು, ಕಿವಿಯ ನಾಳದಿಂದ ಒಂದು ಹನಿ. ಹಸು ದಿಢೀರನೆ ಸತ್ತು ಮೂಗು, ಗುದದಿಂದ ರಕ್ತ ಸೋರುತ್ತಿದ್ದರೆ ಹೆಣವನ್ನು ಯಾವ ಕಾರಣಕ್ಕೂ ಕೊಯ್ಯಬಾರದು. ಗಾಳಿ ತಾಗಿದರೆ ರೋಗಾಣು ಗಟ್ಟಿ ಬೀಜಾಣುವಾಗಿ ವರ್ಷಗಟ್ಟಲೆ ಮಣ್ಣಲ್ಲಿ ಉಳಿಯುತ್ತೆ.

ನೆನಪಿಡಬೇಕಾದ್ದು

- ಹಸು, ಎಮ್ಮೆ ಜೊಲ್ಲು ಸುರಿಸುತ್ತಾ ನುಂಗೋಕೆ ಆಗದೆ ಇದ್ದರೆ, ಕೂಗುವ ದನಿ ಬದಲಾಗಿದ್ದರೆ, ಬಾಯಿಗೆ ಕೈ ಹಾಕಬೇಡಿ. ಗೊಟ್ಟದಲ್ಲಿ ಔಷಧಿ ಹೊಯ್ಯೋದೂ ಬೇಡ. ಬೇರೆಯಾಗಿ ಕಟ್ಟಿ, ಪಶುವೈದ್ಯರಿಗೆ ಅಥವಾ 1962ಕ್ಕೆ ಫೋನ್ ಮಾಡಿ.
- ಕೈ ಹಾಕಿಯಾಗಿದ್ದರೆ, ಜೊಲ್ಲು ಗಾಯಕ್ಕೆ ತಾಗಿದ್ದರೆ, ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಕಣ್ಣು, ಬಾಯಿಗೆ ಸಿಡಿದಿದ್ದರೆ ಬರೀ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ.
- ಅನುಮಾನ ಇರುವ ಹಸುವಿನ ಹಾಲು ಬಳಸಬೇಡಿ. ಕಾಯಿಸಿದರೆ ವೈರಸ್ ಸಾಯುತ್ತೆ, ಆದ್ದರಿಂದ ಮೊದಲೇ ಕಾಯಿಸಿ ಕುಡಿದವರು ಗಾಬರಿಯಾಗೋದು ಬೇಡ. ಹಸಿ ಹಾಲು ಕುಡಿದಿದ್ದರೆ, ಹಾಲು ಕರೆಯುವವರ ಕೈಯಲ್ಲಿ ಗಾಯ ಇದ್ದರೆ ವೈದ್ಯರಿಗೆ ತಿಳಿಸಿ.
- ನಾಯಿ ಕಚ್ಚಿದ್ದು ಕಣ್ಣಾರೆ ಕಂಡರೆ ಹಸುವಿಗೂ ಗಾಯ ಸೋಪಿನಲ್ಲಿ ತೊಳೆದು ಅದೇ ದಿನ ಲಸಿಕೆ ಶುರು ಮಾಡಿಸಿ. ತೊಳೆಯುವಾಗ ಕೈಗೆ ಗ್ಲೌಸ್ ಇರಲಿ.
- ಸತ್ತರೆ ಪಶುವೈದ್ಯರು ಬರುವ ಮುಂಚೆ ಹೂಳಬೇಡಿ, ಚರ್ಮ ಸುಲಿಯೋಕೂ ಕೊಡಬೇಡಿ. ಆಮೇಲೆ ಅವರು ಹೇಳಿದ ಹಾಗೆ ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ, ನಾಯಿ ಕೆದಕದ ಹಾಗೆ ಮುಚ್ಚಿ.

ಗೌರಿಯನ್ನು ಹೂತ ಜಾಗದ ಪಕ್ಕ ಅಮ್ಮ ಒಂದು ಹೊಂಗೆ ಸಸಿ ನೆಟ್ಟಿದ್ದಾರೆ. ಈಗ ಎದೆಯೆತ್ತರ ಬಂದಿದೆ. ಕೊಟ್ಟಿಗೆಗೆ ಈಗ ಜಾಲರಿ ಬಾಗಿಲು ಹಾಕಿಸಿದ್ದೇವೆ, ದನಗಳಿಗೆ ಲಸಿಕೆ ಹಾಕಿಸಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇವೆ. ಕಾಲಲ್ಲಿ ಒಂದು ಸಣ್ಣ ಗಾಯ ಕಂಡರೂ ಸರಿ, "ಎಲ್ಲಿ ತೋರಿಸು" ಅಂತ ಬಗ್ಗಿ ನೋಡದೆ ಅಮ್ಮ ಹಾಲು ಕರೆಯೋಕೆ ಕೂರೋದಿಲ್ಲ.

ಮುಂದಿನ ವಾರ ಮತ್ತೆ ತೋಟಕ್ಕೆ ಹೋಗೋಣ. ಅಲ್ಲಿಯವರೆಗೆ ನಿಮ್ಮ ಕೊಟ್ಟಿಗೆಯ ಕಡೆ ಒಂದು ಕಣ್ಣಿರಲಿ.